ಫೈಟ್ ಶುರುವಾದ್ರೆ ಮೊಬೈಲ್ ಹೊರಗೆ ಬರುತ್ತೆ: ಇನಿಶಿಯೇಟಿವ್‌ಗೆ ಬೇರೆ ರೂಲ್ ಏನು ಮಾಡೋಣ?

ಕಲ್ಲಿನಕೋಟೆ

ದುರ್ಗದಲ್ಲಿ ನಮ್ಮದು ಐದು ಆಟಗಾರರ ಟೇಬಲ್. ಡಿಎಂ (ಕಥೆ ನಡೆಸುವುದು, ಶತ್ರುಗಳನ್ನು ಆಡಿಸುವುದು) ನಾನು. ರೂಲ್ಸ್ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕಥೆ ಆಡುವ ಆಟ) ಐದನೇ ಎಡಿಷನ್, 2014ರ ಪುಸ್ತಕ. ಕಥೆ ಮಾತ್ರ ನಮ್ಮ ಕಡೆಯದು: ಪಾಳೆಯಗಾರರ ಕಾಲದ ಬೆಟ್ಟದ ಕೋಟೆ, ಕೆಳಗೆ ಮುತ್ತಿಗೆ ಹಾಕಿ ಕೂತ ಸೈನ್ಯ.

ಕಥೆ ನಡೆಯುವಾಗ ಎಲ್ಲರೂ ಬಾಯಿಗೆ ಬಾಯಿ ಕೊಟ್ಟು ಮಾತಾಡುತ್ತಾರೆ. "ಇನಿಶಿಯೇಟಿವ್ ಹಾಕಿ" ಅಂದ ಕೂಡಲೇ ಟೇಬಲ್ ತಣ್ಣಗಾಗುತ್ತೆ. ಇನಿಶಿಯೇಟಿವ್ ಅಂದರೆ ಫೈಟ್‌ನಲ್ಲಿ ಯಾರ ಸರದಿ ಮೊದಲು ಅನ್ನುವ ಲೆಕ್ಕ. ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸು, ಡೆಕ್ಸ್ಟೆರಿಟಿ (ಪಾತ್ರದ ಚುರುಕಿನ ಅಂಕ) ಕೂಡಿಸು, ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಸರದಿ. ಫೈಟ್ ಮುಗಿಯುವವರೆಗೆ ಅದೇ ಸಾಲು. ತನ್ನ ಸರದಿ ಮುಗಿಸಿದವನು ಮೊಬೈಲ್ ತೆಗೆಯುತ್ತಾನೆ. ಅವನ ತಪ್ಪೇನಿಲ್ಲ, ಮತ್ತೆ ಅವನ ಪಾಳಿ ಬರುವುದು ಎಲ್ಲರದ್ದೂ ಮುಗಿದ ಮೇಲೇ ಅಂತ ಸಾಲು ಮೊದಲೇ ಹೇಳಿಬಿಟ್ಟಿದೆ.

ಇನ್ನೊಂದು ತಕರಾರು ಇದೆ, ನನಗೆ ಅದೇ ದೊಡ್ಡದು. ಯಾರು ಏನು ಮಾಡುತ್ತಾರೆ ಅಂತ ಗೊತ್ತಾಗುವ ಮೊದಲೇ ಯಾರು ಮೊದಲು ಅನ್ನುವುದು ತೀರ್ಮಾನವಾಗುತ್ತೆ. ಬಿಲ್ಲು ಎಳೆದು ಗುರಿ ಹಿಡಿದು ನಿಂತವನಿಗೂ ಅದೇ ದಾಳ, ಚೀಲದಲ್ಲಿ ಔಷಧಿ ಹುಡುಕುವವನಿಗೂ ಅದೇ ದಾಳ.

ಮೊನ್ನೆ ಆಟದಲ್ಲಿ ಒಂದು ಕಿಂಡಿ ಇಟ್ಟೆ. ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ: ನಮ್ಮ ಕೋಟೆಯಲ್ಲಿ ತಣ್ಣೀರು ದೋಣಿಯ ಹತ್ತಿರ ಬಂಡೆಗಳ ನಡುವೆ ಒಂದು ಸಂದಿ ಇದೆ. ಹೈದರ್ ಅಲಿಯ ಸೈನಿಕರು ಅದರಲ್ಲಿ ನುಸುಳಿ ಬರುವಾಗ ಓಬವ್ವ ಒನಕೆ ಹಿಡಿದು ನಿಂತು ಒಬ್ಬೊಬ್ಬರನ್ನೇ ಹೊಡೆದು ಹಾಕಿದಳು ಅನ್ನುವ ಕಥೆ. ಆಟಕ್ಕೆ ಓಬವ್ವನನ್ನು ತಂದಿಲ್ಲ. ಆ ಹೆಸರಿನ ಮೇಲೆ ದಾಳ ಉರುಳಿಸಲು ನನಗೆ ಮನಸ್ಸಿಲ್ಲ. ಒಬ್ಬ ಕಾವಲುಗಾರ್ತಿ, ಕೈಯಲ್ಲಿ ಒನಕೆ, ಕಿಂಡಿಯ ಆಚೆ ಆರು ಜನ. ಅಷ್ಟೇ.

ಏನಾಯಿತು ನೋಡಿ. ಒಂದೇ ಜಾತಿಯ ಶತ್ರುಗಳಿಗೆಲ್ಲ ಸೇರಿ ಒಂದೇ ದಾಳ. ಸೈನಿಕರಿಗೆ 17 ಬಿತ್ತು, ಕಾವಲುಗಾರ್ತಿಗೆ 9. 17ರ ಸರದಿಯಲ್ಲಿ ಒಬ್ಬ ನುಸುಳಿ ಬಂದು ಪಕ್ಕಕ್ಕೆ ನಿಂತ. ಹಿಂದೆಯೇ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಎದುರಿಗೆ ಬರುವವನ ಮೇಲೆ ಆಪರ್ಚುನಿಟಿ ಅಟ್ಯಾಕ್ (ಸರದಿ ಇಲ್ಲದಿದ್ದರೂ ಸಿಗುವ ಏಟು) ಇಲ್ಲ, ಅದು ಕೈಗೆಟುಕುವ ಜಾಗ ಬಿಟ್ಟು ಹೋಗುವವನಿಗೆ ಮಾತ್ರ. ಅವಳು ಮೊದಲೇ "ಯಾರು ತಲೆ ಹಾಕಿದರೂ ಹೊಡೆಯುತ್ತೇನೆ" ಅಂತ ರೆಡಿ ಆಕ್ಷನ್ ಇಟ್ಟಿದ್ದರೂ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಕೆಲಸ) ರೌಂಡ್‌ಗೆ, ಅಂದರೆ ಎಲ್ಲರದ್ದೂ ಒಂದೊಂದು ಸರದಿ ಮುಗಿಯುವುದಕ್ಕೆ, ಒಂದೇ. ಮೂವರು ಒಳಗೆ ಬಂದರು, ಒನಕೆ ಎದ್ದೇ ಇಲ್ಲ. ನಮ್ಮೂರಲ್ಲಿ ಈ ರೂಲ್ ಓದಿ ಹೇಳಿದರೆ ಅಜ್ಜಿಯಂದಿರು ಅದೇ ಒನಕೆ ತಗೊಂಡು ನನ್ನ ಮೇಲೆ ಬರುತ್ತಾರೆ.

ಯಾರಾದರೂ ಬೇರೆ ಇನಿಶಿಯೇಟಿವ್ ಆಡಿ ನೋಡಿದ್ದೀರಾ?

ಮಂಡಕ್ಕಿಮಿರ್ಚಿ

ದಾವಣಗೆರೆಯಿಂದ. ನಮ್ಮ ಹಾಸ್ಟೆಲ್ ಟೇಬಲ್‌ನಲ್ಲಿ ಈ ಸಾಲು ಪದ್ಧತಿ ಯಾವತ್ತೋ ಬಿಟ್ಟಿದ್ದೇವೆ. ಪ್ರತಿ ರೌಂಡ್ ಶುರುವಿನಲ್ಲಿ ನಮ್ಮ ಕಡೆಯಿಂದ ಒಂದು ಡಿ6, ಡಿಎಂ ಕಡೆಯಿಂದ ಒಂದು ಡಿ6. ಗೆದ್ದ ಕಡೆಯವರೆಲ್ಲ ಮೊದಲು. ಒಳಗೊಳಗೆ ಯಾವ ಕ್ರಮದಲ್ಲಿ ಬೇಕಾದರೂ ಆಡಬಹುದು. "ನೀನು ಬಾಗಿಲು ತೆಗಿ, ನಾನು ಎಣ್ಣೆ ಸುರೀತೀನಿ, ಅವನು ಬೆಂಕಿ ಹಚ್ಚಲಿ" ಅಂತ ಎಲ್ಲರೂ ಒಟ್ಟಿಗೆ ಕೂಗಾಡುತ್ತೇವೆ. ಮೊಬೈಲ್ ನೋಡಲು ಪುರುಸೊತ್ತೇ ಇಲ್ಲ.

ಡಿ20ದೊಡ್ಡಪ್ಪ

ಇದು ಹೊಸದೇನಲ್ಲ ತಮ್ಮಾ. 1981ರ ಡಿ ಅಂಡ್ ಡಿ ಬೇಸಿಕ್ ಪೆಟ್ಟಿಗೆಯಲ್ಲಿ ಇದ್ದದ್ದೇ ಇದು, ಒಂದೊಂದು ಕಡೆಗೂ ಒಂದು ಡಿ6. 1989ರ ಎರಡನೇ ಎಡಿಷನ್‌ನಲ್ಲಿ ಡಿ10, ಚಿಕ್ಕ ಸಂಖ್ಯೆ ಬಂದವರು ಮೊದಲು. ಬೇಕಾದರೆ ಆಯುಧದ ವೇಗದ ಅಂಕವನ್ನೂ ಕೂಡಿಸಬಹುದಿತ್ತು: ಚಾಕುವಿಗೆ 2, ಎರಡು ಕೈಯ ಕತ್ತಿಗೆ 10. ಚಾಕು ಹಿಡಿದವನು ಸರ್ ಅಂತ ನುಗ್ಗುತ್ತಿದ್ದ, ದೊಡ್ಡ ಕತ್ತಿಯವನು ಇನ್ನೂ ಎತ್ತುತ್ತಿದ್ದ. ಅಲ್ಲಿ ಇನ್ನೊಂದು ಮುಖ್ಯ ವಿಷಯ ಇತ್ತು: ದಾಳ ಹಾಕುವ ಮೊದಲೇ ಏನು ಮಾಡುತ್ತೀಯ ಅಂತ ಹೇಳಬೇಕು. ಕಲ್ಲಿನಕೋಟೆಯವರ ಎರಡನೇ ತಕರಾರಿಗೆ ಉತ್ತರ ಆಗಲೇ ಇತ್ತು.

ಒಂದೇ ಸಲ ದಾಳ, ಕೊನೆಯವರೆಗೆ ಅದೇ ಸಾಲು ಅನ್ನುವುದು ಡಿ ಅಂಡ್ ಡಿಯಲ್ಲಿ ನಿಂತದ್ದು 2000ದ ಮೂರನೇ ಎಡಿಷನ್‌ನಿಂದ. ಆಟ ಹುಟ್ಟಿದ್ದು 1974ರಲ್ಲಿ. ಈಗಿನ ಹುಡುಗರು ಇದು ಮೊದಲಿಂದ ಹೀಗೇ ಅಂದುಕೊಂಡಿದ್ದಾರೆ.

ಲೆಕ್ಕದಮೇಡಂ

ಕಡೆಗೊಂದು ದಾಳದ ಬಗ್ಗೆ ಒಂದು ಲೆಕ್ಕ. ಸಮ ಬಂದರೆ ಮತ್ತೆ ಹಾಕುವುದು ಅಂತ ಇಟ್ಟುಕೊಳ್ಳಿ. ಪ್ರತಿ ರೌಂಡ್ ಎರಡೂ ಕಡೆಗೆ ಅರ್ಧಕ್ಕರ್ಧ ಅವಕಾಶ. ಈ ರೌಂಡ್‌ನಲ್ಲಿ ಶತ್ರು ಕೊನೆಗೆ, ಮುಂದಿನ ರೌಂಡ್‌ನಲ್ಲಿ ಶತ್ರು ಮೊದಲು, ಹೀಗಾಗುವ ಸಾಧ್ಯತೆ 25%. ಆಗ ಆರು ಸೈನಿಕರು ಬೆನ್ನುಬೆನ್ನಿಗೆ ಎರಡು ಸಲ ಹೊಡೆಯುತ್ತಾರೆ. ಹನ್ನೆರಡು ಏಟು, ನಡುವೆ ನಿಮ್ಮದು ಒಂದೂ ಇಲ್ಲ. ಚಿಕ್ಕ ಲೆವೆಲ್‌ನಲ್ಲಿ ಪಾರ್ಟಿ (ಆಟಗಾರರ ಗುಂಪು) ಪೂರ್ತಿ ಮಲಗುತ್ತೆ.

ಇನ್ನು ಈಗಿರುವ ಡಿ20 ಪದ್ಧತಿ. ಡೆಕ್ಸ್ +3 ಇದ್ದವನು +0 ಇದ್ದವನಿಗಿಂತ ಮೇಲೆ ಬರುವುದು 400ಕ್ಕೆ 247 ಸಲ, ಸುಮಾರು 62%. +5 ಇದ್ದರೆ 70%. ಅಂದರೆ ಪಾತ್ರ ಕಟ್ಟುವಾಗ ಚುರುಕಿಗೆ ಸುರಿದ ಪಾಯಿಂಟ್ ಎಲ್ಲಾ ಸೇರಿ ಇಷ್ಟೇ ಕೊಡುವುದು. "ನಾನು ಚುರುಕು, ನನ್ನ ಹಕ್ಕು ಕಿತ್ತುಕೊಳ್ಳಬೇಡಿ" ಅಂತ ಜಗಳ ಆಡುವವರು ಮೊದಲು ಇದನ್ನು ನೋಡಲಿ.

ಮಂಡಕ್ಕಿಮಿರ್ಚಿ

ಅದಕ್ಕೇ ನಮ್ಮ ಡಿಎಂ ಆ ದಿನ ಅಷ್ಟು ನಗುತ್ತಿದ್ದನಾ! ಮೊದಲ ರೌಂಡ್‌ಗೆ ಮಾತ್ರ ದಾಳ ಹಾಕಿ, ಆಮೇಲೆ ಒಂದು ಸಲ ನಾವು ಒಂದು ಸಲ ಅವರು ಅಂದರೆ ಮೇಡಂ?

ಲೆಕ್ಕದಮೇಡಂ

ಬೆನ್ನುಬೆನ್ನಿಗೆ ಹೊಡೆಯುವುದು ತಪ್ಪುತ್ತೆ. ಆದರೆ ಮೊದಲು ಗೆದ್ದ ಕಡೆಯವರು ಎಲ್ಲರೂ ಸೇರಿ ಒಬ್ಬನನ್ನೇ ಮುಗಿಸುತ್ತಾರೆ, ಅವನು ಒಂದು ಸಲವೂ ಆಡದೆ ಬೀಳುತ್ತಾನೆ. ಅದು ನಿಮ್ಮ ದೊಡ್ಡ ವಿಲನ್ ಆಗಿದ್ದರೆ ಡಿಎಂಗೆ ಬೇಜಾರು, ನಿಮ್ಮ ಗೆಳೆಯ ಆಗಿದ್ದರೆ ಅವನಿಗೆ ಬೇಜಾರು.

ಬೆಣ್ಣೆಜಾಸ್ತಿ

ದಾಳವೇ ಬೇಡ. ಪಾಪ್‌ಕಾರ್ನ್ ಹಾಕಿ. ನನ್ನ ಸರದಿ ಆಯಿತಾ, ಮುಂದೆ ಯಾರು ಅಂತ ನಾನೇ ಹೇಳುತ್ತೇನೆ. ಶತ್ರುವನ್ನೂ ಆರಿಸಬಹುದು. ಎಲ್ಲರದ್ದೂ ಆದ ಮೇಲೆ ಕೊನೆಯವನು ಮುಂದಿನ ರೌಂಡ್ ಯಾರಿಂದ ಶುರು ಅಂತ ಹೇಳುತ್ತಾನೆ. ಇದು ಹೆಸರು ಮಾಡಿದ್ದು 2012ರ ಮಾರ್ವೆಲ್ ಹೀರೋಯಿಕ್ ಆಟದಿಂದ. ಎಲ್ಲರೂ ಎಚ್ಚರವಾಗಿರುತ್ತಾರೆ, ಯಾವಾಗ ತಮ್ಮ ಹೆಸರು ಬರುತ್ತೋ ಗೊತ್ತಿಲ್ಲವಲ್ಲ.

ಡಿ20ದೊಡ್ಡಪ್ಪ

ಅದರಲ್ಲಿ ಒಂದು ಸಣ್ಣ ಗುಟ್ಟಿದೆ. ಆಸೆಬುರುಕರಾಗಿ ನೀವೇ ನೀವೇ ಮೊದಲು ಆಡಿ ಮುಗಿಸಿದಿರೋ, ಕೊನೆಗೆ ಉಳಿಯುವುದು ಶತ್ರುಗಳು. ಕೊನೆಯ ಶತ್ರು ಮುಂದಿನ ರೌಂಡ್‌ಗೆ ತನ್ನವರನ್ನೇ ಕರೆಯುತ್ತಾನೆ. ಮೇಡಂ ಹೇಳಿದ ಹನ್ನೆರಡು ಏಟು ಇಲ್ಲೂ ಬಂತು. ಅದಕ್ಕೇ ನಡುನಡುವೆ ಶತ್ರುವಿಗೆ ಸರದಿ ಬಿಟ್ಟುಕೊಡುವುದು ಜಾಣತನ. ನನಗೆ ಇಷ್ಟವಾಗುವುದೂ ಅದೇ.

ನಿಧಾನಮಾಂತ್ರಿಕ

ನಾನು ಟೇಬಲ್‌ನಲ್ಲಿ ಕಮ್ಮಿ ಮಾತಾಡುವವಳು. ಪಾಪ್‌ಕಾರ್ನ್ ಅಂದರೆ ನನಗೆ ಆಗಿಬರಲ್ಲ. ಗಟ್ಟಿ ದನಿಯವರು ಒಬ್ಬರಿಗೊಬ್ಬರು ಸರದಿ ದಾಟಿಸಿಕೊಳ್ಳುತ್ತಾರೆ, ಕೊನೆಗೆ "ಓ, ನೀನೊಬ್ಬಳು ಇದ್ದೀಯಲ್ಲ" ಅಂತ ನನ್ನ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಹೊಡೆಯಲು ಯಾರೂ ಉಳಿದಿರಲ್ಲ. ಇನಿಶಿಯೇಟಿವ್ ಪೂರ್ತಿ ಬಿಟ್ಟ ಆಟಗಳೂ ಇವೆ, 2010ರ ಅಪೊಕ್ಯಾಲಿಪ್ಸ್ ವರ್ಲ್ಡ್, 2025ರ ಡ್ಯಾಗರ್‌ಹಾರ್ಟ್. ಅಲ್ಲೂ ಇದೇ ಗೋಳು. ಡಿಎಂ ನೆನಪಿಟ್ಟು "ನೀನೇನು ಮಾಡ್ತೀಯಮ್ಮ" ಅಂತ ಕೇಳಿದರೆ ಸರಿ, ಇಲ್ಲದಿದ್ದರೆ ಇಲ್ಲ. ಸಾಲು ಬೋರು ಅಂತೀರಿ, ಆದರೆ ನನ್ನ ಹೆಸರು ಅದರಲ್ಲಿ ಇದ್ದೇ ಇರುತ್ತೆ.

ಕಲ್ಲಿನಕೋಟೆ

ಇದು ನನ್ನ ತಲೆಗೆ ಹೊಳೆದಿರಲಿಲ್ಲ ಅಕ್ಕಾ. ಏನೇ ಮಾಡಿದರೂ ಪ್ರತಿಯೊಬ್ಬರಿಗೂ ರೌಂಡ್‌ಗೆ ಒಂದು ಸರದಿ ಗ್ಯಾರಂಟಿ. ಇದನ್ನು ಶರತ್ತು ಅಂತ ಇಟ್ಟುಕೊಳ್ಳೋಣ.

ಎಲೆಹಾಕಿ

ಹಾಗಾದರೆ ಇಸ್ಪೀಟು. ಸ್ಯಾವೇಜ್ ವರ್ಲ್ಡ್ಸ್ ಅನ್ನುವ ಆಟ, 2003ರದು. ಪ್ರತಿ ರೌಂಡ್‌ಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ. ಎಕ್ಕದಿಂದ ಕೆಳಕ್ಕೆ ಸರದಿ. ಸಮ ಬಂದರೆ ಇಸ್ಪೀಟ್, ಆಟಿನ್, ಡೈಮಂಡ್, ಕಳಾವರ್ ಈ ಕ್ರಮ. ಜೋಕರ್ ಬಂದವನು ಯಾವಾಗ ಬೇಕಾದರೂ ನಡುವೆ ಬಾಯಿ ಹಾಕಬಹುದು, ಹೊಡೆತಕ್ಕೂ +2. ರೌಂಡ್‌ಗೊಂದು ಹೊಸ ಸಾಲು, ಎಲ್ಲರ ಹೆಸರೂ ಇರುತ್ತೆ, ಎಲೆ ಎದುರಿಗೇ ಬಿದ್ದಿರುತ್ತೆ. ನಮ್ಮ ಮನೆಯಲ್ಲಿ ಯುಗಾದಿ, ದೀಪಾವಳಿಗೆ ಎಲೆ ಹಿಡಿದ ಮಾವಂದಿರಿಗೆ ಡಿ20 ಅರ್ಥ ಮಾಡಿಸಲು ಆಗಲಿಲ್ಲ, ಇದು ಒಂದೇ ಏಟಿಗೆ ಅರ್ಥವಾಯಿತು.

ಲೆಕ್ಕದಮೇಡಂ

ಐದು ಆಟಗಾರರು, ಶತ್ರುಗಳ ಗುಂಪಿಗೆ ಒಂದು, ಒಟ್ಟು ಆರು ಎಲೆ. ಎರಡು ಜೋಕರ್ ಸೇರಿ 54 ಎಲೆಯ ಕಟ್ಟು. ಕಲೆಸಿದ ಕಟ್ಟಿನಿಂದ ಹಂಚಿದರೆ ಯಾರಿಗಾದರೂ ಜೋಕರ್ ಬೀಳುವ ಸಾಧ್ಯತೆ 21%. ಚೆನ್ನಾಗಿದೆ. ಆದರೆ ಬಿಲ್ಲಿನವನಿಗೂ ಔಷಧಿ ಹುಡುಕುವವನಿಗೂ ಒಂದೇ ಎಲೆ. ಕಲ್ಲಿನಕೋಟೆಯವರ ಎರಡನೇ ತಕರಾರು ಹಾಗೇ ಉಳಿಯಿತು.

ಬೆಣ್ಣೆಜಾಸ್ತಿ

ಚೌಕಾಬಾರದಲ್ಲಿ ನಾಲ್ಕು ಬಿದ್ದರೆ, ಎಂಟು ಬಿದ್ದರೆ ಕವಡೆ ಇನ್ನೊಂದು ಸಲ ಹಾಕುತ್ತೇವಲ್ಲ. ಹಾಗೆ ಕಾವಲುಗಾರ್ತಿ ಒಬ್ಬನನ್ನು ಮಲಗಿಸಿದರೆ ಸರದಿ ಅವಳ ಕೈಯಲ್ಲೇ ಉಳಿಯಲಿ. ಇನ್ನೊಬ್ಬ, ಇನ್ನೊಬ್ಬ...

ಲೆಕ್ಕದಮೇಡಂ

ಕಿಂಡಿಗೆ ಸರಿ. ಬಯಲಲ್ಲಿ ಇದನ್ನೇ ಬಿಟ್ಟರೆ ಬಲವಾಗಿರುವವನು ಇನ್ನೂ ಬಲವಾಗುತ್ತಾನೆ. ಉಳಿದ ನಾಲ್ವರು ಮಂಡಕ್ಕಿ ತಿನ್ನುತ್ತಾ ಕೂರಬೇಕು.

ಕಲ್ಲಿನಕೋಟೆ

ದೊಡ್ಡಪ್ಪ ಹೇಳಿದ "ಮೊದಲು ಮಾತು, ಆಮೇಲೆ ದಾಳ" ಹಿಡಿದು ಹುಡುಕಿದೆ. 2017ರಲ್ಲಿ ಡಿ ಅಂಡ್ ಡಿಯವರೇ ಗ್ರೇಹಾಕ್ ಇನಿಶಿಯೇಟಿವ್ ಅಂತ ಒಂದು ಪ್ರಯೋಗದ ರೂಲ್ ಬಿಟ್ಟಿದ್ದರು. ಏನು ಮಾಡುತ್ತೀಯೋ ಅದಕ್ಕೆ ತಕ್ಕ ದಾಳ: ಬಾಣಕ್ಕೆ ಡಿ4, ಕೈಯಳತೆಯ ಹೊಡೆತಕ್ಕೆ ಡಿ8, ಮಂತ್ರಕ್ಕೆ ಡಿ12, ನಡೆದಾಡಬೇಕಾದರೆ ಅದಕ್ಕೊಂದು ಡಿ6 ಬೇರೆ. ಎಲ್ಲಾ ಕೂಡಿಸಿ ಕಮ್ಮಿ ಬಂದವರು ಮೊದಲು. ರೌಂಡ್‌ಗೊಂದು ಸಲ.

ಆಡಿಸಿ ನೋಡಿದೆ. ಬಿಲ್ಲಿನವನು ನಿಂತಲ್ಲೇ ಬಾಣ ಬಿಟ್ಟ, ಡಿ4ರಲ್ಲಿ 3. ಕತ್ತಿಯವನು ಓಡಿ ಬಂದು ಹೊಡೆಯಬೇಕು, ಡಿ6 ಮತ್ತು ಡಿ8 ಸೇರಿ 11. ಅವನು ತಲುಪುವಷ್ಟರಲ್ಲಿ ಶತ್ರು ಬಾಣ ತಿಂದು ಬಿದ್ದಿದ್ದ. ಕತ್ತಿಯವನು ಕೂಗಿದ ಕೂಗು ಪಕ್ಕದ ಮನೆಗೂ ಕೇಳಿಸಿತು, ಆದರೆ ಯಾರೂ ಮೊಬೈಲ್ ಮುಟ್ಟಲಿಲ್ಲ. ಫೈಟ್ ಅಂದರೆ ಹೀಗಿರಬೇಕು ಅಲ್ವಾ? ತೊಂದರೆ ಅಂದರೆ ನಿಧಾನ. ಪ್ರತಿ ರೌಂಡ್ ಎಲ್ಲರ ಸಂಖ್ಯೆ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಟೀ ಆರಿಹೋಗುತ್ತೆ.

ನಿಧಾನಮಾಂತ್ರಿಕ

ಮತ್ತೆ ಮಂತ್ರಕ್ಕೆ ಡಿ12! ನಮ್ಮನ್ನು ಕಂಡರೆ ಯಾರಿಗೂ ಆಗಲ್ಲ.

ಡಿ20ದೊಡ್ಡಪ್ಪ

ದಾಳವಿಲ್ಲದೆ ಇದೇ ಕೆಲಸ ಮಾಡುವ ರೂಲ್ ಇದೆ. ಶ್ಯಾಡೋ ಆಫ್ ದಿ ಡೀಮನ್ ಲಾರ್ಡ್, 2015. ಪ್ರತಿ ರೌಂಡ್ ಆಟಗಾರನೇ ಆರಿಸಬೇಕು: ವೇಗದ ಸರದಿಯಾ, ನಿಧಾನದ ಸರದಿಯಾ. ವೇಗದಲ್ಲಿ ನಡೆಯಬಹುದು ಇಲ್ಲವೇ ಹೊಡೆಯಬಹುದು, ಒಂದೇ. ನಿಧಾನದಲ್ಲಿ ಎರಡೂ. ಮೊದಲು ಆಟಗಾರರ ವೇಗ, ಆಮೇಲೆ ಶತ್ರುಗಳ ವೇಗ, ಆಮೇಲೆ ಆಟಗಾರರ ನಿಧಾನ, ಕೊನೆಗೆ ಶತ್ರುಗಳ ನಿಧಾನ. ಬರೆದುಕೊಳ್ಳಲು ಏನೂ ಇಲ್ಲ. ನಿಂತು ಹೊಡೆಯುವವನು ಮೊದಲು, ಓಡಿ ಬಂದು ಹೊಡೆಯುವವನು ಆಮೇಲೆ.

ಕಲ್ಲಿನಕೋಟೆ

ಬಯಲು ಜಗಳಕ್ಕೆ ಇದೇ ಇರಲಿ. ಎಲ್ಲರಿಗೂ ಸರದಿ ಸಿಗುತ್ತೆ, ಮಾಡುವ ಕೆಲಸಕ್ಕೂ ಸರದಿಗೂ ಸಂಬಂಧ ಇದೆ. ಡೆಕ್ಸ್ ಜಾಸ್ತಿ ಇರುವವನಿಗೆ ಮೊದಲ ರೌಂಡ್‌ನಲ್ಲಿ ಮಾತ್ರ ವೇಗದ ಸರದಿಯಲ್ಲೂ ಅರ್ಧ ದೂರ ನಡೆಯಲು ಬಿಡುತ್ತೇನೆ, ಅವನ ಬಾಯಿ ಮುಚ್ಚಿಸಬೇಕಲ್ಲ.

ಕಿಂಡಿಗೆ ಮಾತ್ರ ಇದೂ ಸಾಲದು. ಎಷ್ಟೇ ತಿರುಗಿಸಿದರೂ ಕಾವಲುಗಾರ್ತಿಗೆ ರೌಂಡ್‌ಗೆ ಒಂದೇ ಏಟು, ನುಸುಳುವವರು ಆರು. ನನಗೆ ಅನ್ನಿಸುವುದು, ಅಲ್ಲಿ ಸರದಿ ಮನುಷ್ಯರದ್ದಲ್ಲ, ಜಾಗದ್ದು. ಕಿಂಡಿಯಲ್ಲಿ ಒಂದು ಸಲಕ್ಕೆ ಒಂದು ತಲೆ. ಆ ತಲೆ ಬಂದಾಗಲೆಲ್ಲ ಅವಳಿಗೆ ಒಂದು ಏಟು. ಆರು ಸೆಕೆಂಡಿನ ರೌಂಡ್ ಅನ್ನುವುದನ್ನೇ ಅಲ್ಲಿ ಮರೆತುಬಿಡೋಣ.

ಎಲೆಹಾಕಿ

ಒಂದು ನಿಮಿಷ. ಅವಳು ಕಿಂಡಿಯ ಬಾಯಿಗೇ ನಿಂತುಬಿಟ್ಟರೆ? ಎದುರಾಳಿ ನಿಂತ ಚೌಕದಲ್ಲಿ ಹಾದುಹೋಗುವಂತಿಲ್ಲ. ಈಗಿನ ರೂಲ್‌ನಲ್ಲೇ ಒಬ್ಬನೂ ಒಳಗೆ ಬರಲ್ಲ. ಸಂದಿಯಲ್ಲಿ ಮುದುಡಿಕೊಂಡಿರುವವನ ಮೇಲೆ ಅವಳಿಗೆ ಅಡ್ವಾಂಟೇಜ್ (ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಬೇರೆ.

ಕಲ್ಲಿನಕೋಟೆ

ಹೌದು, ತಡೆಯಬಹುದು. ಆಗ ಮೊದಲನೆಯವನು ಸಂದಿಯಲ್ಲಿ ಸಿಕ್ಕಿಕೊಂಡು ಕೂಗುತ್ತಾನೆ, ಹಿಂದಿನ ಐವರು ವಾಪಸ್ ಹೋಗಿ ಬೇರೆ ದಾರಿ ಹುಡುಕುತ್ತಾರೆ. ಆ ಕಥೆಯ ಜೀವ ಇರುವುದು ಹಿಂದಿನವನಿಗೆ ಮುಂದಿನವನ ಗತಿ ಗೊತ್ತಾಗದೆ ಇರುವುದರಲ್ಲಿ. ಅವಳು ಪಕ್ಕದಲ್ಲಿ ಮರೆಯಾಗಿ ನಿಂತಿರಬೇಕು, ಹೊಡೆಯಬೇಕು, ಹೆಣವನ್ನು ಎಳೆದು ಹಾಕಬೇಕು, ಮತ್ತೆ ಮರೆಯಾಗಬೇಕು. ಕೆಲಸ ಎರಡು: ಏಟು, ಎಳೆತ. ಎರಡಕ್ಕೂ ಸೇರಿ ಒಂದು ದಾಳ. ಗೆದ್ದರೆ ಮುಂದಿನವನು ಏನೂ ಗೊತ್ತಿಲ್ಲದೆ ತಲೆ ಹಾಕುತ್ತಾನೆ. ಸೋತರೆ ಅವನು ಒಳಗೆ.

ಲೆಕ್ಕದಮೇಡಂ

ಪ್ರತಿ ಸಲ ಅವಳು ಗೆಲ್ಲುವ ಸಾಧ್ಯತೆ 75% ಇರಲಿ, ಅದೇ ಉದಾರ. ಆರಕ್ಕೆ ಆರೂ ಗೆಲ್ಲುವುದು 18%ಗಿಂತ ಕಮ್ಮಿ. 90% ಕೊಟ್ಟರೂ 53%. ಅಂದರೆ 75%ರಲ್ಲಿ ಈ ರೂಲ್‌ನಲ್ಲಿ ನಿಮ್ಮ ಕಥೆ ಐದು ಸಲದಲ್ಲಿ ಒಂದು ಸಲವೂ ನಡೆಯಲ್ಲ.

ಸೋಲಿಗೆ ಬೇರೆ ಅರ್ಥ ಕೊಡಿ. ಸೋತರೆ ಸೈನಿಕ ಸಾಯುತ್ತಾನೆ, ಆದರೆ ಸದ್ದಾಗುತ್ತೆ. ಒಂದು ಸೋಲಿಗೆ ಒಂದು ಸದ್ದಿನ ಗುರುತು. ಮೂರು ಗುರುತು ಆದರೆ ಹಿಂದಿನವರಿಗೆ ಗೊತ್ತಾಯಿತು, ಕಿಂಡಿಯ ಆಟ ಮುಗಿಯಿತು, ಮಾಮೂಲು ಫೈಟ್ ಶುರು. ಅದೇ 75%ಗೆ ಆರು ಜನವನ್ನೂ ಮೂರನೇ ಸದ್ದಾಗದೆ ಮುಗಿಸುವುದು 83%. ಗೆಲ್ಲುವುದೇ ಜಾಸ್ತಿ, ಆದರೆ ಎರಡನೇ ಗುರುತು ಬಿದ್ದ ಮೇಲೆ ಕೈ ನಡುಗುತ್ತೆ.

ಕಲ್ಲಿನಕೋಟೆ

ಮೇಡಂ, ಕೈ ಮುಗಿದೆ. ಗುರುತಿಗೆ ಹುಣಸೆಬೀಜ ಇಡುತ್ತೇನೆ, ಟೇಬಲ್ ನಡುವೆ, ಎಲ್ಲರಿಗೂ ಕಾಣುವ ಹಾಗೆ.

ನಿಧಾನಮಾಂತ್ರಿಕ

ಅವಳು ಆರು ಸಲ ದಾಳ ಹಾಕುವಾಗ ನಾವು ನಾಲ್ವರು ಏನು ಮಾಡಬೇಕು? ಮತ್ತೆ ಮೊಬೈಲಾ?

ಕಲ್ಲಿನಕೋಟೆ

ಇಲ್ಲ. ಒಂದು ತಲೆ ಬಂದು ಬಿದ್ದರೆ ಉಳಿದ ನಾಲ್ವರಿಗೂ ಕೋಟೆಯಲ್ಲಿ ಒಂದೊಂದು ಕೆಲಸ. ಒಬ್ಬ ಬುರುಜಿನ ಕಡೆ ಓಡಬಹುದು, ಒಬ್ಬ ಕಹಳೆಯವನನ್ನು ಎಬ್ಬಿಸಬಹುದು, ನೀವು ದೂರದಲ್ಲಿ ಗದ್ದಲ ಎಬ್ಬಿಸುವ ಮಂತ್ರ ಹಾಕಿ ಒಂದು ಹುಣಸೆಬೀಜ ತೆಗೆಸಬಹುದು. ನಿಮ್ಮ ಕೆಲಸ ಆದ ಮೇಲೆ ಮುಂದಿನ ತಲೆ. ರೌಂಡ್ ಎಣಿಸುವುದು ಸೆಕೆಂಡಿನಲ್ಲಿ ಅಲ್ಲ, ತಲೆಯಲ್ಲಿ.

ನಿಧಾನಮಾಂತ್ರಿಕ

ಬೀಜ ತೆಗೆಸುವ ಕೆಲಸ ನನ್ನದು ಅಂತ ಈಗಲೇ ಬರೆದುಕೊಳ್ಳಿ.

ಲೆಕ್ಕದಮೇಡಂ

ಒಂದೇ ಸಲ ಮಾತ್ರ. ತಲೆಗೊಂದು ಬೀಜ ತೆಗೆಸಿದರೆ ಸದ್ದಿಗೆ ಅರ್ಥವೇ ಇರಲ್ಲ.

ಮಂಡಕ್ಕಿಮಿರ್ಚಿ

ನಮ್ಮ ಟೇಬಲ್‌ಗೆ ಕೋಟೆ ಇಲ್ಲ, ಹಳೇ ಹತ್ತಿ ಮಿಲ್ಲು ಇದೆ. ಗೋಡೌನಿನ ಕಬ್ಬಿಣದ ಏಣಿ, ಒಬ್ಬೊಬ್ಬರೇ ಹತ್ತಿ ಬರಬೇಕು. ಅಲ್ಲಿಗೂ ಇದು ಆಗುತ್ತಾ? ಮೇಲೆ ನಿಂತವನ ಕೈಯಲ್ಲಿ ಒನಕೆ ಬದಲು ನೂಲಿನ ಬಂಡಲ್ ಇದೆ.

ಡಿ20ದೊಡ್ಡಪ್ಪ

ಮೂರು ಪ್ರಶ್ನೆ ಕೇಳು. ಒಂದು ಸಲಕ್ಕೆ ಒಬ್ಬನೇ ಬರಬೇಕಾ? ಹಿಂದಿನವನಿಗೆ ಮುಂದಿನವನು ಕಾಣಲ್ವಾ? ಬಿದ್ದವನು ದಾರಿ ಬಿಟ್ಟು ಬೀಳುತ್ತಾನಾ? ಏಣಿಯಲ್ಲಿ ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಇಲ್ಲ, ಕೆಳಗಿನವನು ತಲೆ ಎತ್ತಿದರೆ ಎಲ್ಲಾ ಕಾಣುತ್ತೆ. ಮೂರನೆಯದೂ ಇಲ್ಲ, ಬಿದ್ದವನು ಕೆಳಗಿನವನ ತಲೆ ಮೇಲೇ ಬೀಳುತ್ತಾನೆ. ಹಾಗಾಗಿ ಸದ್ದಿನ ಗುರುತು ಬಿಟ್ಟುಬಿಡು, ತಲೆಗೊಂದು ಏಟು ಮಾತ್ರ ಇಟ್ಟುಕೋ. ಮೇಲಿನವನು ಬಿದ್ದರೆ ಕೆಳಗಿನವನೂ ಡೆಕ್ಸ್ ಸೇವ್ (ತಪ್ಪಿಸಿಕೊಳ್ಳುವ ದಾಳ) ಹಾಕಲಿ.

ಎಲೆಹಾಕಿ

ಕಿಂಡಿಯ ಆಚೆಯಿಂದ ಯಾರಾದರೂ ಒಳಗೆ ಬಾಣ ಬಿಟ್ಟರೆ?

ಕಲ್ಲಿನಕೋಟೆ

ಮರೆಯಲ್ಲಿ ನಿಂತವಳಿಗೆ ತಾಗಲ್ಲ, ಸಂದಿ ನೇರ ಇಲ್ಲ. ಅದೂ ಅಲ್ಲದೆ ಬಾಣ ಬಿಡಬೇಕಾದರೆ ಅನುಮಾನ ಬಂದಿರಬೇಕು. ಎರಡು ಬೀಜ ಬಿದ್ದ ಮೇಲೆ ಬೇಕಾದರೆ ಒಬ್ಬ ಕುರುಡು ಬಾಣ ಬಿಡಲಿ, ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ಡಿ20ರಲ್ಲಿ ಚಿಕ್ಕದು). ಆದರೆ ಆಗ ಅವನ ಬಾಣ ಮುಂದೆ ನುಸುಳುತ್ತಿರುವ ತಮ್ಮವನ ಬೆನ್ನಿಗೇ ಬೀಳಬಹುದು. ಡಿ20ರಲ್ಲಿ 5ರ ಒಳಗೆ ಬಂದರೆ ಹಾಗೆ ಅಂತ ಇಟ್ಟಿದ್ದೇನೆ.